ಹನ್ನೆರಡರ ಕೋವಿ, ಇಪ್ಪತ್ತರ ತೋಟಾ

ಆ ಜನವರಿಯಲ್ಲಿ ರಸ್ ಕಚ್ಮಾರ್ ಮನೆಗೆ ಹೊತ್ತು ತಂದದ್ದರಲ್ಲಿ ಬೇಯಿಸಿ ತಿನ್ನುವಂಥದ್ದು ಒಂದೂ ಇರಲಿಲ್ಲ. ಡಿಸೆಂಬರಿನಲ್ಲಿ ಬೇರೊಂದು ರಾಜ್ಯದ ಶಾಲೆಗೆ ಒಬ್ಬ ನುಗ್ಗಿ ಚಿಕ್ಕ ಮಕ್ಕಳನ್ನು ಕೊಂದಿದ್ದ. ವಾಷಿಂಗ್ಟನ್ನಿನಲ್ಲಿ ಬಂದೂಕಿಗೆ ಕಾನೂನು ತರುತ್ತೇವೆ ಎಂದರು. ಅಷ್ಟು ಕೇಳಿದ್ದೇ ತಡ, ಪೆನ್ಸಿಲ್ವೇನಿಯಾದ ಪಶ್ಚಿಮದ ಗುಡ್ಡಗಳ ಊರುಗಳಲ್ಲಿ ಗಂಡಸರೆಲ್ಲ ಗುಂಡಿನ ಅಂಗಡಿಗಳ ಮುಂದೆ ಸಾಲು ನಿಂತರು. ಹೆಂಗಸರೂ ನಿಂತರು, ಸುಳ್ಳು ಯಾಕೆ ಹೇಳಬೇಕು.

ರಸ್‌ನದು ಟೌನ್‌ಶಿಪ್‌ನ ಲಾರಿಯಲ್ಲಿ ಹಿಮ ಬಿದ್ದ ರಸ್ತೆಗೆ ಉಪ್ಪು ಚೆಲ್ಲುವ ಕೆಲಸ. ಬೆಳಗಿನ ಪಾಳಿ ಮುಗಿಸಿ, ಮೈಮೇಲಿನ ಉಪ್ಪನ್ನೂ ಕೊಡವಿಕೊಳ್ಳದೆ ಅಂಗಡಿ ತೆರೆಯುವ ಹೊತ್ತಿಗೆ ಅಲ್ಲಿರುತ್ತಿದ್ದ. ತಲೆಗೆ ಎರಡೇ ಪೆಟ್ಟಿಗೆ ಎಂದು ಅಂಗಡಿಯವರು ಚೀಟಿ ಅಂಟಿಸಿದ್ದರು. ಯಾವ ಅಳತೆಯ ಗುಂಡು ಸಿಕ್ಕಿತೋ ಅದನ್ನು ತರುತ್ತಿದ್ದ. ಒಂದು ಸಂಜೆ ಅವನ ಹೆಂಡತಿ ಲೊರೀನ್, ಕೋಸನ್ನು ಬೆಣ್ಣೆಯಲ್ಲಿ ಬಾಡಿಸಿ ಹಲುಷ್ಕಿಗೆ ನೂಡಲ್ಸ್ ಬೆರೆಸುತ್ತಿದ್ದಾಗ, ಒಲೆಯ ಪಕ್ಕದಲ್ಲೇ ಎರಡು ಪೆಟ್ಟಿಗೆ ತಂದಿಟ್ಟ.

"ಬೆಂಕಿ ಪಕ್ಕ ಇಡ್ತಾರೇನೋ ಅದನ್ನ? ಏನಿದು?"

"ದೊಡ್ಡ ರೈಫಲ್ದು. ಕೊನೇ ಎರಡು ಪೆಟ್ಟಿಗೆ, ನನಗೇ ಸಿಕ್ತು."

"ಆ ಅಳತೇದು ನಮ್ಮ ಹತ್ರ ರೈಫಲ್ಲೇ ಇಲ್ವಲ್ಲ."

"ತಂದ್ರಾಯ್ತು."

ಮೇಜಿನ ಆ ತುದಿಯಲ್ಲಿ ಕೂತಿದ್ದ ಮುದುಕ ನಕ್ಕ. ಅವನು ರಸ್‌ನ ಅಪ್ಪ ವಾಸಿಲ್, ಎಪ್ಪತ್ತಾರರವನು, ಗಣಿಯಲ್ಲಿ ಮೂವತ್ತು ವರ್ಷ ದುಡಿದವನು. ಮನೆಯಲ್ಲಿ ಎಲ್ಲರಿಗೂ ಅವನು ಜೇಡೊ. ಅವರ ಕಡೆ ತಾತನನ್ನು ಹಾಗೆಯೇ ಕರೆಯುವುದು.

"ನಾಳೆ ಬೀದೀಲಿ ಒಂದು ಟಯರ್ ಸಿಕ್ಕಿದ್ರೆ ನನ್ನ ಮಗ ಲಾರೀನೂ ತರ್ತಾನೆ," ಎಂದ ಜೇಡೊ. "ನನ್ನ ಹುಳಿ ಕೋಸಿನ ಜಾಡಿ ಎಲ್ಲಿಟ್ಟೆಯೋ? ನೆಲಮಾಳಿಗೇಲಿ ಕಾಲಿಡೋಕೆ ಜಾಗ ಇಲ್ಲ. ಮನೆ ನಂದು, ನೆನಪಿದ್ಯಾ?"

"ನೆನಪು ಮಾಡೋಕೆ ನೀನಿದೀಯಲ್ಲಪ್ಪ ದಿನಾ."

"ನಾನು ವರ್ಷಕ್ಕೆ ಐದು ತೋಟಾ ಖರ್ಚು ಮಾಡ್ತೀನಿ. ಐದರಲ್ಲಿ ನಾಲ್ಕು ಮೊಲ ತರ್ತೀನಿ. ನಿನಗೆ ಯಾರ ಮೇಲೋ ಯುದ್ಧ?"

"ಕಾನೂನು ಬಂದ ಮೇಲೆ ಆ ಐದಕ್ಕೂ ಬೇಡ್ಕೊಳ್ಳೋ ಹಾಗಾಗುತ್ತೆ, ಆಗ ನನ್ನ ಹತ್ರಾನೇ ಬರ್ತೀಯ."

ಲೊರೀನ್ ಇಬ್ಬರ ಮುಂದೂ ತಟ್ಟೆ ಕುಕ್ಕಿದಳು. ಅವಳು ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಡಿಸೆಂಬರಿನಿಂದ ಅಲ್ಲಿ ಅಡುಗೆಮನೆಗೂ ಒಳಗಿನಿಂದ ಬೀಗ ಹಾಕಿಕೊಂಡೇ ಬೇಯಿಸಬೇಕಿತ್ತು. ಗುಂಡಿನ ಮಾತೆತ್ತಿದರೆ ಅವಳು ಎದ್ದು ಹೋಗುತ್ತಿದ್ದಳು. ಆದರೂ ಅವಳು ಗಂಡನನ್ನು ಪೂರ್ತಿ ತಡೆಯುವ ಹಾಗಿರಲಿಲ್ಲ, ಮಗಳ ಕಾರಣ.

ಮಗಳು ಶೆಲ್ಬಿಗೆ ಹದಿನೇಳು. ಗಾಳಿಗೆ ಎಸೆದ ಮಣ್ಣಿನ ಬಿಲ್ಲೆಯನ್ನು ಕೋವಿಯಿಂದ ಒಡೆಯುವುದರಲ್ಲಿ ಆ ಜಿಲ್ಲೆಯಲ್ಲೇ ಅವಳಿಗೆ ಸಾಟಿಯಿರಲಿಲ್ಲ. ನೂರಕ್ಕೆ ತೊಂಬತ್ತಾರು. ಜೂನಿನಲ್ಲಿ ರಾಜ್ಯದ ಪಂದ್ಯ, ಅಲ್ಲಿ ಗೆದ್ದರೆ ಕಾಲೇಜಿನ ತಂಡಕ್ಕೆ ಕರೆಯುತ್ತೇವೆಂದು ಒಬ್ಬರು ಬಂದು ನೋಡಿ ಹೋಗಿದ್ದರು. ಅಭ್ಯಾಸಕ್ಕೆ ವಾರಕ್ಕೆ ನೂರು ತೋಟಾ ಬೇಕು. ಫೆಬ್ರವರಿಯ ಹೊತ್ತಿಗೆ ಅವಳ ಶೂಟಿಂಗ್ ಕ್ಲಬ್ಬಿನ ಕಪಾಟು ಬರಿದಾಗಿ, ನಿಮ್ಮ ನಿಮ್ಮ ತೋಟಾ ನೀವೇ ತನ್ನಿ ಎಂದುಬಿಟ್ಟರು.

"ಕೆಳಗೆ ಮೂರು ಸಾವಿರ ಗುಂಡು ಇಟ್ಟಿದೀಯ," ಎಂದಳು ಶೆಲ್ಬಿ ಅಪ್ಪನಿಗೆ. "ನನ್ನ ಕೋವಿಗೆ ಆಗೋದು ಒಂದೂ ಇಲ್ಲ. ಭೇಷ್ ಅಪ್ಪ."

"ಶನಿವಾರ ಲಾರಿ ಬರುತ್ತಂತೆ ಅಂಗಡಿಗೆ. ನಿಂಗೇ ತರ್ತೀನಿ, ಕಣೇ."

ಶನಿವಾರ ತಲೆ ಲೆಕ್ಕಕ್ಕೆಂದು ಲೊರೀನ್‌ಳನ್ನೂ ಎಳೆದುಕೊಂಡು ಹೋದ. ಸಾಲಿನಲ್ಲಿ ಒಬ್ಬ ಎದೆಗೆ ಹಸುಗೂಸನ್ನು ಕಟ್ಟಿಕೊಂಡು ಬಂದು, ಇದೂ ಒಂದು ತಲೆಯೇ ಎಂದು ವಾದಿಸುತ್ತಿದ್ದ. ಇವರ ಸರದಿ ಬರುವಾಗ ಶೆಲ್ಬಿಯ ಕೋವಿಗೆ ಆಗುವ ಹನ್ನೆರಡರ ಅಳತೆಯ ತೋಟಾ ಮೂರೇ ಪೆಟ್ಟಿಗೆ ಉಳಿದಿತ್ತು. ರಸ್ ಕೈ ಚಾಚಿದ. ಪಕ್ಕದಿಂದ ಕೆಂಪು ಗಡ್ಡದವನೊಬ್ಬ ಮೂರನ್ನೂ ಒಟ್ಟಿಗೆ ಬಾಚಿಕೊಂಡ.

"ಇಡೋ ಕೆಳಗೆ. ನನ್ನ ಮಗಳಿಗೆ ಅದು."

"ನಿನ್ನ ಮಗಳಿಗೆ ಗೊಂಬೆ ಕೊಡ್ಸು ಹೋಗು."

ರಸ್ ಹಣೆಯಿಂದ ಅವನ ಮುಖಕ್ಕೆ ಗುದ್ದಿದ. ಮೂಗು ಮುರಿದ ಸದ್ದು ಲೊರೀನ್‌ಗೆ ಚೆನ್ನಾಗಿಯೇ ಕೇಳಿಸಿತು. ಗಡ್ಡದವನು ಬಿದ್ದ ಮೇಲೂ ರಸ್ ಅವನ ಎದೆಯ ಮೇಲೆ ಮೊಣಕಾಲೂರಿ ಬೆರಳು ಒಂದೊಂದನ್ನೇ ಹಿಂದಕ್ಕೆ ಮಡಚಿ ಪೆಟ್ಟಿಗೆ ಬಿಡಿಸಿಕೊಳ್ಳುತ್ತಿದ್ದ. ಅವಳು ಗಂಡನ ಕಾಲರು ಹಿಡಿದು ಎಳೆದಳು, ಕೂಗಿದಳು, ಬೆನ್ನಿಗೆ ಗುದ್ದಿದಳು. ಅಷ್ಟರಲ್ಲಿ ಉಳಿದವರು ಇವರನ್ನು ದಾಟಿಕೊಂಡೇ ಕಪಾಟಿಗೆ ನುಗ್ಗಿದರು. ಬಿದ್ದವನನ್ನು ಎಬ್ಬಿಸಲು ಯಾರೂ ಬಗ್ಗಲಿಲ್ಲ.

ಮನೆಗೆ ಬಂದದ್ದು ಒಂದೇ ಪೆಟ್ಟಿಗೆ, ಅದೂ ರಕ್ತಕ್ಕೆ ನೆಂದದ್ದು. ಇನ್ನು ಮುಂದೆ ಅಂಗಡಿಗೆ ಕಾಲಿಡಬೇಡ ಎಂದು ಪೊಲೀಸರ ಮುಂದೆಯೇ ಹೇಳಿ ಕಳಿಸಿದ್ದರು.

ಶೆಲ್ಬಿ ಪೆಟ್ಟಿಗೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು. "ಇದರಲ್ಲಿ ಇಪ್ಪತ್ತೈದೇ ಇರೋದು, ಅಪ್ಪ."

"ಗೊತ್ತು," ಎಂದ ರಸ್, ಹಣೆಗೆ ಐಸು ಒತ್ತಿಕೊಂಡು.

ಅಂಗಡಿ ತಪ್ಪಿದ ಮೇಲೆ ಅವನು ಹರಾಜು ಹಿಡಿದ. ಸತ್ತ ಮುದುಕರ ಕೊಟ್ಟಿಗೆ ಸಾಮಾನುಗಳ ಹರಾಜಿನಲ್ಲಿ ಈಗ ಟ್ರ್ಯಾಕ್ಟರಿಗಿಂತ ಗುಂಡಿಗೇ ಕೂಗು ಜಾಸ್ತಿ. ಮಾರ್ಚ್ ಮೊದಲ ವಾರ ಎರಡು ದೊಡ್ಡ ಪ್ಲಾಸ್ಟಿಕ್ ಬಕೀಟುಗಳ ತುಂಬ ಬಿಡಿ ತೋಟಾ ತಂದು ಅಡುಗೆಮನೆಯ ನೆಲದ ಮೇಲೆ ದೊಪ್ಪನೆ ಇಟ್ಟ. ಎಲ್ಲಾ ಕೆಂಪು, ಎಲ್ಲಾ ಹಳೆಯವು.

"ಎಲ್ಲಾ ಹನ್ನೆರಡರವೇ ಅಂತ ಕೂಗ್ದ ಹರಾಜಿನವನು," ಎಂದ. "ಸಾವಿರದ ಮೇಲಿದೆ. ತಗೋ ಶೆಲ್ಬಿ, ಜೂನ್‌ವರೆಗೆ ಹೊಡಿ!"

ಶೆಲ್ಬಿ ಅಪ್ಪನ ಕುತ್ತಿಗೆಗೆ ಜೋತುಬಿದ್ದು ಮುದ್ದಿಟ್ಟಳು. ಎಷ್ಟೋ ದಿನದ ಮೇಲೆ ಅವನ ಮುಖ ಅರಳಿದ್ದನ್ನು ಕಂಡು ಲೊರೀನ್‌ಗೂ ಹಿತವೆನಿಸಿತು, ಅದನ್ನು ಒಪ್ಪಿಕೊಳ್ಳಲೇಬೇಕು.

ಜೇಡೊ ಮಾತ್ರ ಕುರ್ಚಿ ಬಿಟ್ಟು ಬಂದು ಬಕೀಟಿನಲ್ಲಿ ಕೈಯಾಡಿಸಿದ. "ಹರಾಜಿನವನ ಮಾತು ಕಟ್ಕೊಂಡು ಏನು? ಒಂದೊಂದನ್ನೇ ಕೈಗೆ ತಗೊಂಡು ನೋಡ್ಬೇಕು ಕಣೋ. ಈಗಾದ್ರೆ ಇಪ್ಪತ್ತರದ್ದು ಹಳದಿ ಬರುತ್ತೆ, ಕುರುಡನಿಗೂ ಗೊತ್ತಾಗುತ್ತೆ. ಹಿಂದೆ ಹಾಗಿರ್ಲಿಲ್ಲ, ಅದೂ ಕೆಂಪೇ. ಅಂಕಿ ದೊಡ್ಡದು, ತೋಟಾ ಸಣ್ಣದು ನೋಡು, ಹನ್ನೆರಡರ ನಳಿಗೇಲಿ ಜಾರಿ ಮುಂದೆ ಹೋಗಿ ಸಿಕ್ಕೊಳ್ಳುತ್ತೆ. ಹಿಂದಿಂದ ನೋಡಿದ್ರೆ ಖಾಲಿ. ಖಾಲಿ ಅಂತ ಇನ್ನೊಂದು ಹಾಕಿ ಹೊಡೆದ್ರೆ ಮುಗೀತು."

"ಮಾಡ್ತೀನಪ್ಪ. ನಾನೇನು ಮಗುನಾ?"

"ಮೇಜಿನ ಮೇಲೆ ಸುರಿ, ನಾನೂ ಕೂತ್ಕೋತೀನಿ."

"ಮಾಡ್ತೀನಿ ಅಂದ್ನಲ್ಲ!"

ಎರಡು ದಿನ ಬಿಟ್ಟು ಊಟದ ಹೊತ್ತಿನಲ್ಲಿ ಜೇಡೊ ಕೇಳಿದಾಗ, ಎರಡೂ ಬಕೀಟು ಆರಿಸಿ ಆಯಿತು, ಎಲ್ಲಾ ಹನ್ನೆರಡರವೇ, ಎಂದ ರಸ್. ಹೇಳುತ್ತಲೇ ಆಲೂಗಡ್ಡೆ ಬಡಿಸಿಕೊಂಡ.

ಮರುದಿನ ಶನಿವಾರ. ರಸ್ ಕೆಲಸಕ್ಕೆ ಹೋಗಿದ್ದ. ಬೆಳಿಗ್ಗೆ ಹತ್ತಕ್ಕೆ ಶೆಲ್ಬಿ ಮನೆಯ ಹಿಂದಿನ ಬಯಲಿನಲ್ಲಿ ಅಭ್ಯಾಸಕ್ಕೆ ನಿಂತಳು. ಬಿಲ್ಲೆ ಎಸೆಯುವ ಯಂತ್ರದ ಹಗ್ಗ ಲೊರೀನ್ ಕೈಯಲ್ಲಿತ್ತು. ಜೇಡೊ ಮಡಚುವ ಕುರ್ಚಿ ಹಾಕಿಕೊಂಡು ತಪ್ಪು ಹಿಡಿಯಲು ಕೂತಿದ್ದ. ಚಳಿಗೆ ಮೊಮ್ಮಗಳ ತುಟಿ ನಡುಗುತ್ತಿದ್ದುದನ್ನು ನೋಡಿ ತನ್ನ ಬೇಟೆಯ ಅಂಗಿ ಬಿಚ್ಚಿ ಅವಳಿಗೆ ತೊಡಿಸಿದ. ಶೆಲ್ಬಿ ಸೊಂಟದ ಚೀಲಕ್ಕೆ ಬಕೀಟಿನಿಂದ ಎರಡು ಹಿಡಿ ತೋಟಾ ತುಂಬಿಕೊಂಡಳು.

"ಬಿಡಮ್ಮ!"

ಲೊರೀನ್ ಹಗ್ಗ ಎಳೆದಳು. ಬಿಲ್ಲೆ ಒಡೆಯಿತು. ಹನ್ನೆರಡು ಬಿಲ್ಲೆ, ಹನ್ನೆರಡೂ ಪುಡಿ.

"ಇವಳನ್ನ ಮದುವೆ ಆಗೋನು ತಟ್ಟೆ ಎಸೆದು ಜಗಳ ಆಡೋ ಹಾಗಿಲ್ಲ," ಎಂದ ಜೇಡೊ. ಶೆಲ್ಬಿ ನಗುತ್ತಾ ಒಂಟಿ ನಳಿಗೆಯ ಕೋವಿಯನ್ನು ಮಡಚಿ ತೋಟಾ ಹಾಕಿದಳು, ಮುಚ್ಚಿದಳು, ಬಿಡು ಎಂದಳು. ಬಿಲ್ಲೆ ಹಾರಿತು. ಕೋವಿ ಬರೀ ಟಿಕ್ ಎಂದಿತು.

ಮಡಚಿ ನೋಡಿದಳು. ಖಾಲಿ. "ಅಯ್ಯೋ, ತೋಟಾನೇ ಹಾಕಿಲ್ಲ ನಾನು! ನಿನ್ನ ಮಾತು ಕೇಳ್ತಾ ಮರ್ತೆ ಜೇಡೊ." ಇನ್ನೊಂದು ಹಾಕಿದಳು. "ಬಿಡಮ್ಮ!"

ಲೊರೀನ್ ಹಗ್ಗ ಎಳೆದಳು.

ಸದ್ದು ಬೇರೆಯೇ ಥರ ಬಂತು. ಶೆಲ್ಬಿ ಬೀಳಲಿಲ್ಲ, ನಿಂತೇ ಇದ್ದಳು. ನಳಿಗೆ ನಡುವೆ ಸೀಳಿ ಬಿಚ್ಚಿಕೊಂಡಿತ್ತು, ಅದನ್ನು ಹಿಡಿದಿದ್ದ ಎಡಗೈಯಲ್ಲಿ ಹೆಬ್ಬೆರಳಿರಲಿಲ್ಲ, ಪಕ್ಕದ ಎರಡು ಬೆರಳಿರಲಿಲ್ಲ. ಅಂಗೈ ಬಿಚ್ಚಿ ಬಿಳಿಯ ಮೂಳೆ ಕಂಡಿತು, ಆಮೇಲೆ ರಕ್ತ ಚಿಮ್ಮಿತು. ಕೆನ್ನೆಯಲ್ಲಿ ಕಬ್ಬಿಣದ ಚೂರು ನೆಟ್ಟಿತ್ತು. ಹುಡುಗಿ ಹಿಮದಲ್ಲಿ ಅತ್ತಿತ್ತ ನೋಡಿ, "ಅಮ್ಮ, ಬೆರಳು ಹುಡುಕು, ಬೆರಳು ಹುಡುಕು," ಎನ್ನುತ್ತಿದ್ದಳು. ಜೇಡೊ ತನ್ನ ಬೆಲ್ಟು ಕಿತ್ತು ಅವಳ ತೋಳಿಗೆ ಬಿಗಿದು, ಹಲ್ಲಿನಿಂದ ಎಳೆದು ಕಟ್ಟಿದ. ಲೊರೀನ್ ಮಂಡಿಯೂರಿ ಹಿಮ ಕೆದಕಿದಳು. ಒಂದು ಬೆರಳು ಸಿಕ್ಕಿತು, ಉಗುರಿಗೆ ನೀಲಿ ಬಣ್ಣ ಹಚ್ಚಿದ್ದು. ಅದನ್ನು ಬಾಯಿಯ ಬಿಸಿಯಲ್ಲಿಟ್ಟುಕೊಳ್ಳಬೇಕೋ ಹಿಮದಲ್ಲಿಡಬೇಕೋ ತಿಳಿಯದೆ ಅವಳು ಕಿರುಚಿದಳು.

ಹೆಲಿಕಾಪ್ಟರಿನಲ್ಲಿ ಪಿಟ್ಸ್‌ಬರ್ಗಿಗೆ ಒಯ್ದರು. ಬೆರಳು ಕೂಡಲಿಲ್ಲ.

ಆಸ್ಪತ್ರೆಯ ಮೊಗಸಾಲೆಗೆ ಪೊಲೀಸಿನವನೊಬ್ಬ ಬಂದ, ವಯಸ್ಸಾದ ಸಮಾಧಾನಿ. ಸೀಳಿದ ಕೋವಿ ನೋಡಿದ್ದೇನೆ, ಇಪ್ಪತ್ತರ ತೋಟಾ ಮುಂದೆ ಸಿಕ್ಕಿಕೊಂಡಿತ್ತು, ಎಂದ. "ನಿಮ್ಮನೇಲಿ ಇಪ್ಪತ್ತರ ಕೋವಿ ಯಾರ ಹತ್ರ ಇದೆ?"

"ನಮ್ಮಪ್ಪನ ಹತ್ರ," ಎಂದ ರಸ್ ತಕ್ಷಣ. "ಅವರ ಅಂಗಿ ಹಾಕ್ಕೊಂಡಿದ್ಲು. ಜೇಬಲ್ಲಿ ಯಾವಾಗ್ಲೂ ಇರ್ತವೆ."

ಪೊಲೀಸಿನವನು ತಲೆಯಾಡಿಸಿ ಬರೆದುಕೊಂಡ. ಜೇಡೊ ಅಲ್ಲೇ ಬೆಂಚಿನ ಮೇಲೆ ಕೂತಿದ್ದ. ಅಂಗಿಯ ಜೇಬಿರುತ್ತಿದ್ದ ಕಡೆ ಅವನು ಎರಡು ಸಲ ಕೈಯಾಡಿಸಿಕೊಂಡ.

ಶೆಲ್ಬಿಗೂ ಅದೇ ನಿಜವೆನಿಸಿತು. "ಚಳಿಗೆ ಕೈ ಜೇಬಿಗೆ ಹಾಕಿದ್ದೆ ಅಮ್ಮ. ಅಲ್ಲಿಂದಾನೇ ತೆಗ್ದಿದೀನಿ. ನೋಡಿ ಹಾಕು, ನೋಡಿ ಹಾಕು ಅಂತ ಕೋಚ್ ಸಾವಿರ ಸಲ ಹೇಳಿದ್ರು. ನಾನೇ ನನ್ನ ಕೈ ಕಡ್ಕೊಂಡೆ." ಹನ್ನೆರಡು ದಿನ ಆಸ್ಪತ್ರೆಯಲ್ಲಿ, ಆಮೇಲೆ ಮನೆಯಲ್ಲಿ, ಅವಳು ಹೀಗೇ ಅನ್ನುತ್ತಿದ್ದಳು. ರಸ್ ರಜೆ ಹಾಕಿ ಮಗಳ ಪಕ್ಕ ಬಿಡದೆ ಕೂತ. ಚಮಚದಲ್ಲಿ ಜೆಲ್ಲಿ ತಿನ್ನಿಸಿದ, ಅಡುಗೆಮನೆಯ ತೊಟ್ಟಿಯ ಮೇಲೆ ಬಗ್ಗಿಸಿ ತಲೆ ತೊಳೆದ, ಬಾಚಿ ಜಡೆ ಹೆಣೆಯುವುದನ್ನೂ ಕಲಿತ. "ಹೋಗ್ಲಿ ಬಿಡು ಚಿನ್ನ, ಯಾರಿಗಾದ್ರೂ ಆಗೋ ತಪ್ಪೇ," ಎನ್ನುತ್ತಿದ್ದ. ಇಷ್ಟು ಮೃದುವಾದ ಗಂಡನನ್ನು ಲೊರೀನ್ ಮದುವೆಯಾದ ಹೊಸದರಲ್ಲೂ ಕಂಡಿರಲಿಲ್ಲ.

ಜೇಡೊ ಸರಿಯಾಗಿ ಉಣ್ಣುವುದನ್ನು ಬಿಟ್ಟ. ಒಂದು ಮಧ್ಯಾಹ್ನ ತನ್ನ ಜೋಡಿ ನಳಿಗೆಯ ಇಪ್ಪತ್ತರ ಕೋವಿಯನ್ನು, ಅವನ ಅಪ್ಪ ಬಿಟ್ಟುಹೋದದ್ದನ್ನು, ಅಂಗಳಕ್ಕೆ ತಂದು ಗರಗಸದಿಂದ ಕೊಯ್ಯತೊಡಗಿದ. ಅರ್ಧ ಗಂಟೆ ಕೊಯ್ದ. ಅಂಗೈ ಕಿತ್ತು ರಕ್ತ ಬಂದರೂ ನಿಲ್ಲಿಸಲಿಲ್ಲ. ರಸ್ ಕಿಟಕಿಯಲ್ಲಿ ನಿಂತು ಅದನ್ನು ಪೂರ್ತಿ ನೋಡಿದ, ನೋಡಿ ಟೀವಿಯ ಸದ್ದು ಹೆಚ್ಚಿಸಿದ.

ಏಪ್ರಿಲ್ ಮೊದಲ ವಾರದಲ್ಲಿ ಲೊರೀನ್, ಆಸ್ಪತ್ರೆಯವರು ಕೊಟ್ಟಿದ್ದ ಪ್ಲಾಸ್ಟಿಕ್ ಚೀಲವನ್ನು ಕೊನೆಗೂ ಬಿಚ್ಚಿದಳು. ಒಳಗೆ ಜೇಡೊನ ಅಂಗಿ, ತೋಳು ಕತ್ತರಿಸಿದ್ದು, ರಕ್ತ ಒಣಗಿ ಗಡುಸಾದದ್ದು. ನೆನೆಹಾಕುವ ಮೊದಲು ಅಭ್ಯಾಸದಂತೆ ಜೇಬು ತಡವಿದಳು. ಎರಡು ಹಳದಿ ತೋಟಾ ಕೈಗೆ ಬಂದವು.

ಜೇಡೊ ಶೆಲ್ಬಿಯನ್ನು ಕೈಯ ವ್ಯಾಯಾಮಕ್ಕೆ ಕರೆದೊಯ್ಯಲು ಹೊರಟಿದ್ದ. ಲೊರೀನ್ ಬಾಗಿಲಲ್ಲಿ ತಡೆದಳು. "ಮಾವ, ನಿಮ್ಮ ಅಂಗಿ ಜೇಬಲ್ಲಿ ಎಷ್ಟು ಇಟ್ಕೋತಿದ್ರಿ?"

"ಎರಡು. ಎರಡು ನಳಿಗೆಗೆ ಎರಡು. ಯಾಕೆ?" ಅವಳು ಉತ್ತರಿಸುವ ಮೊದಲೇ ಮುದುಕ ಕೈ ಬೀಸಿದ. "ಎರಡೇ ಅನ್ಕೊಂಡಿದ್ದೆ. ಮೂರಿತ್ತೇನೋ. ಮುದುಕನ ನೆನಪನ್ನ ಯಾರು ನಂಬ್ತಾರೆ, ನಾನೇ ನಂಬಲ್ಲ."

ಅವರ ಕಾರು ತಿರುಗುತ್ತಲೇ ಲೊರೀನ್ ನೆಲಮಾಳಿಗೆಗೆ ಇಳಿದಳು. ಒಂದು ಬಕೀಟನ್ನು ಸಿಮೆಂಟಿನ ಮೇಲೆ ಸುರಿದು, ಅಕ್ಕಿ ಆರಿಸುವವಳ ಹಾಗೆ ಕೂತಳು. ಮೂರು ಗಂಟೆ ಹಿಡಿಯಿತು. ಒಂಬತ್ತು ಸಿಕ್ಕವು, ಕೆಂಪು ಬಣ್ಣದವೇ, ಸುತ್ತಳತೆಯಲ್ಲಿ ತುಸು ಸಣ್ಣವು. ಹಿತ್ತಾಳೆಯ ತಳದಲ್ಲಿ ಇಪ್ಪತ್ತು ಎಂದು ಕೊರೆದಿತ್ತು, ಕಣ್ಣಿದ್ದವರು ಓದಬಹುದಿತ್ತು. ಇನ್ನೊಂದು ಬಕೀಟನ್ನು ಮುಟ್ಟಲು ಅವಳಿಗೆ ಶಕ್ತಿಯಿರಲಿಲ್ಲ.

ಐದಕ್ಕೆ, ಅವರಿಬ್ಬರೂ ಹಿಂದಿರುಗುವ ಮೊದಲೇ, ರಸ್ ಬಂದು ಮೇಜಿಗೆ ಕೂತ. "ಏನಿವತ್ತು ಊಟ?"

ಲೊರೀನ್ ಅವನ ಮುಂದೆ ತಟ್ಟೆ ಇಟ್ಟಳು. ತಟ್ಟೆಯಲ್ಲಿ ಒಂಬತ್ತು ತೋಟಾ.

ರಸ್ ಅದೇನೆಂದು ಕೇಳಲಿಲ್ಲ. "ಎಲ್ಲಿ ಸಿಕ್ತು?" ಎಂದ. ಅವಳಿಗೆ ಅಷ್ಟೇ ಸಾಕಾಯಿತು.

"ಆರಿಸಿದೀನಿ ಅಂದಿದ್ಯಲ್ಲೋ."

"ಮೇಲಿನವು ನೋಡ್ದೆ. ಎಲ್ಲಾ ಒಂದೇ ಥರ ಇದ್ವು. ಪಾಳಿ ಮೇಲೆ ಪಾಳಿ ಇತ್ತು ಕಣೇ, ನಿದ್ದೆ ಇರ್ಲಿಲ್ಲ."

"ಪೊಲೀಸ್‌ನವನು ಕೇಳ್ದಾಗ?"

"ಬಾಯಿಗೆ ಬಂತು. ಅಂದ್ಬಿಟ್ಟೆ."

"ಒಂದು ತಿಂಗಳಿಂದ ಆ ಮಗು ತನ್ನನ್ನೇ ಬೈಕೊಳ್ತಿದೆ. ನಿಮ್ಮಪ್ಪ ಅನ್ನ ನೀರು ಬಿಟ್ಟಿದಾರೆ."

"ಅಪ್ಪ ಮುದುಕ. ಇನ್ನೆಷ್ಟು ದಿನ ಇರ್ತಾನೆ?" ರಸ್ ತಲೆ ಎತ್ತದೆ ಹೇಳಿದ. "ನಾನು ಅವಳ ಜೊತೆ ಬದುಕ್ಬೇಕು, ಲೊರೀನ್."

ಅವಳು ತಟ್ಟೆಯನ್ನು ಅವನ ಮುಖಕ್ಕೆ ಎಸೆದಳು. ಅವನು ಎದ್ದ. ಕುರ್ಚಿ ಹಿಂದಕ್ಕೆ ಉರುಳಿತು. ಅವಳ ಕುತ್ತಿಗೆ ಹಿಡಿದು ಫ್ರಿಜ್ಜಿಗೆ ಒತ್ತಿದ. "ಹೇಳ್ತೀಯಾ ಅವಳಿಗೆ? ಹೇಳ್ತೀಯಾ?" ಎಂದು ಒಂದೊಂದು ಸಲಕ್ಕೂ ತಲೆಯನ್ನು ಬಾಗಿಲಿಗೆ ಬಡಿದ. ಲೊರೀನ್‌ಗೆ ಉಸಿರು ನಿಂತಿತು. ಕೈಗೆ ಒಲೆಯ ಮೇಲಿನ ಕಬ್ಬಿಣದ ಬಾಣಲೆ ಸಿಕ್ಕಿತು. ಹತ್ತೊಂಬತ್ತು ವರ್ಷ ಅವನಿಗೆ ಮೊಟ್ಟೆ ಕರಿದುಕೊಟ್ಟಿದ್ದ ಬಾಣಲೆಯಿಂದ ಅವನ ಹುಬ್ಬಿಗೆ ಬಾರಿಸಿದಳು. ಹುಬ್ಬು ಒಡೆಯಿತು. ಇನ್ನೊಂದು ಬಾರಿಸಿದಳು, ಭುಜಕ್ಕೆ. ರಸ್ ನೆಲಕ್ಕೆ ಕುಸಿದು, ತೋಟಾಗಳ ನಡುವೆ ಕೂತು, ಗೋಳೋ ಎಂದು ಅತ್ತ.

"ನನ್ನ ಮುಖ ನೋಡಲ್ಲ ಅವಳು. ಇನ್ನು ಯಾವತ್ತೂ ನೋಡಲ್ಲ."

"ನೀನೇ ಹೇಳ್ಬೇಕು," ಎಂದಳು ಲೊರೀನ್, ಬಾಣಲೆ ಕೆಳಗಿಡದೆ. "ನಿನ್ನ ಬಾಯಿಂದ್ಲೇ ಬರ್ಬೇಕು. ಆ ದರಿದ್ರ ಬಕೀಟುಗಳನ್ನ ಮೊದಲು ಮನೆಯಿಂದ ಆಚೆ ಹಾಕು."

"ಹೇಳ್ತೀನಿ. ಇನ್ನೊಂದು ಆಪರೇಷನ್ ಆಗ್ಲಿ."

ಬಕೀಟುಗಳನ್ನು ಪೊಲೀಸ್ ಠಾಣೆಗೆ ಕೊಟ್ಟುಬಂದೆ ಎಂದು ಮರುದಿನ ಹೇಳಿದ. ಹುಬ್ಬಿಗೆ ಲಾರಿಯ ಬಾಗಿಲು ಬಡಿಯಿತು ಎಂದ. ಲೊರೀನ್ ಕುತ್ತಿಗೆಗೆ ಸ್ಕಾರ್ಫ್ ಸುತ್ತಿಕೊಂಡಳು. ಆಪರೇಷನ್ ಆಯಿತು. ಆಮೇಲೆ ಹೊಲಿಗೆ ಬಿಚ್ಚಲಿ ಎಂದ. ಆಮೇಲೆ ಅವಳ ಜ್ವರ ಇಳಿಯಲಿ ಎಂದ. ಲೊರೀನ್ ಪ್ರತಿ ಸಲವೂ ಹೂಂ ಎಂದಳು. ಅಪ್ಪನ ಭುಜಕ್ಕೊರಗಿ ಮಗಳು ನಿದ್ದೆ ಹೋಗುವುದನ್ನು ನೋಡಿದಾಗೆಲ್ಲ ಅವಳ ನಾಲಿಗೆ ಹಿಂದಕ್ಕೆ ಎಳೆಯುತ್ತಿತ್ತು. ಅದನ್ನು ಕರುಣೆ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಹೇಡಿತನವೆಂದು ಅವಳಿಗೆ ಗೊತ್ತಿತ್ತು.

ಏಪ್ರಿಲ್ ಕೊನೆಯ ಶನಿವಾರ ಮಧ್ಯಾಹ್ನ ಊರಿನ ಫೈರ್ ಹಾಲಿನಲ್ಲಿ, ಎಂದರೆ ಅಗ್ನಿಶಾಮಕ ದಳದವರ ಸಭಾಂಗಣದಲ್ಲಿ, ಶೆಲ್ಬಿಯ ಆಸ್ಪತ್ರೆ ಖರ್ಚಿಗೆಂದು ಲಾಟರಿ ಇಟ್ಟರು. ಆ ಕಡೆ ಯಾರ ಮನೆ ಸುಟ್ಟರೂ ಯಾರ ಮಗುವಿಗೆ ಕ್ಯಾನ್ಸರ್ ಬಂದರೂ ಫೈರ್ ಹಾಲಿನಲ್ಲಿ ಇಡುವುದು ಬಂದೂಕಿನ ಲಾಟರಿಯೇ. ಇದಕ್ಕೂ ಅದನ್ನೇ ಇಟ್ಟರು, ಯಾರಿಗೂ ಅದರಲ್ಲಿ ವಿಚಿತ್ರ ಕಾಣಲಿಲ್ಲ. ಗೋಡೆಯುದ್ದಕ್ಕೂ ಹದಿನೆಂಟು ಹೊಸ ಬಂದೂಕು ಸಾಲಾಗಿ ನಿಂತಿದ್ದವು. ಮುನ್ನೂರು ಜನ ಬಿಯರ್ ಹಿಡಿದು, ಹ್ಯಾಮ್ ತುಂಬಿದ ಬನ್ನು ತಿನ್ನುತ್ತಾ ಕೂತಿದ್ದರು. ಅಡುಗೆಕೋಣೆಯ ಕಿಂಡಿಯ ಹಿಂದೆ ಲೊರೀನ್ ಹ್ಯಾಮ್ ಹೆಚ್ಚುತ್ತಿದ್ದಳು.

ದಳದ ಮುಖ್ಯಸ್ಥ ಲೆನ್ ಸ್ಟಾಯ್ಕಾ ಮೈಕು ಹಿಡಿದಿದ್ದ. ಚೀಟಿ ಎತ್ತಲು ಶೆಲ್ಬಿಯನ್ನೇ ವೇದಿಕೆಯಲ್ಲಿ ನಿಲ್ಲಿಸಿದ್ದರು. ಎಡಗೈಗೆ ಕಪ್ಪು ಕವಚ, ಬಲಗೈಯಿಂದ ಡ್ರಮ್ಮಿನೊಳಗಿನ ಚೀಟಿ ಎತ್ತುತ್ತಿದ್ದಳು. ಅವಳು ಎತ್ತಿದಾಗೆಲ್ಲ ಜನ ಚಪ್ಪಾಳೆ ತಟ್ಟಿದರು, ಕೆಲವರು ಕಣ್ಣೊರೆಸಿಕೊಂಡರು.

"ಮುಂದಿನದು ಬಂದೂಕಲ್ಲ!" ಎಂದು ಕೂಗಿದ ಲೆನ್. "ಈ ವರ್ಷ ಬಂದೂಕಿಗಿಂತ ಅಪರೂಪದ್ದು! ಒಂದು ಬಕೀಟು ಹನ್ನೆರಡರ ತೋಟಾ! ಕೊಟ್ಟೋನು ನಮ್ಮ ರಸ್ ಕಚ್ಮಾರ್! ಮಗಳಿಗೆ ಅಂತ ತಂದಿಟ್ಟಿದ್ದು, ಪಾಪ."

ಹಾಲಿನಲ್ಲಿ ಸೀಟಿ, ಕೇಕೆ. ಕಿಂಡಿಯ ಹಿಂದೆ ಲೊರೀನ್‌ಳ ಚಾಕು ಹಲಗೆಯ ಮೇಲೆ ನಿಂತಿತು. ಅವನು ಠಾಣೆಗೆ ಕೊಟ್ಟುಬಂದೆ ಎಂದಿದ್ದ, ಅವಳು ಆರಿಸದೆ ಬಿಟ್ಟಿದ್ದ ಬಕೀಟು ಅದು.

ಶೆಲ್ಬಿ ಚೀಟಿ ಎತ್ತಿ ಓದಿದಳು. "ಪಾಲ್ ಗ್ರೆಬ್ನರ್!"

ಪಾಲ್ ಗ್ರೆಬ್ನರ್ ಕುರ್ಚಿಯ ಮೇಲೆ ಹತ್ತಿ ನಿಂತು ಎರಡೂ ಕೈ ಎತ್ತಿದ. ಅವನ ಮಗಳು ಶೆಲ್ಬಿಯ ತಂಡದವಳೇ, ಹದಿನೈದರ ಹುಡುಗಿ. "ಕೆಂಡ್ರಾ! ಬಾರೇ! ಈ ವರ್ಷಕ್ಕೆ ಸಾಕಾಯ್ತು!" ಹುಡುಗಿ ನಗುತ್ತಾ ಓಡಿ ಬಂದು ಬಕೀಟಿನ ಹಿಡಿಗೆ ಕೈ ಹಾಕಿದಳು.

"ಮುಟ್ಬೇಡ!"

ಇಷ್ಟು ಜೋರಾಗಿ ತಾನು ಕೂಗಬಲ್ಲೆನೆಂದು ಲೊರೀನ್‌ಗೇ ಗೊತ್ತಿರಲಿಲ್ಲ. ಚಾಕು ಕೈಯಲ್ಲೇ ಇತ್ತು. ಜನರನ್ನು ತಳ್ಳಿಕೊಂಡು ಬಂದು ಬಕೀಟನ್ನು ಒದ್ದಳು. ಮುಚ್ಚಳ ಹಾರಿ ತೋಟಾಗಳು ಹಾಲಿನ ನೆಲದ ಮೇಲೆಲ್ಲ ಉರುಳಿದವು.

"ಅಮ್ಮ? ಏನಾಯ್ತಮ್ಮ?" ಎಂದಳು ಶೆಲ್ಬಿ ವೇದಿಕೆಯಿಂದ.

ಲೊರೀನ್ ಗಂಡನನ್ನು ನೋಡಿದಳು. ಅವನು ಬಿಯರ್ ಕೆಳಗಿಟ್ಟ. "ಎಲ್ರೂ ಏನಾದ್ರೂ ಕೊಡ್ತಿದ್ರು," ಎಂದ, ಯಾರಿಗೋ ಉತ್ತರ ಹೇಳುವವನಂತೆ. "ನಾನು ಖಾಲಿ ಕೈಲಿ ಹೇಗೆ ಬರ್ಲಿ. ಇದರಲ್ಲಿ ಇರಲಿಕ್ಕಿಲ್ಲ ಅನ್ಕೊಂಡೆ."

"ಏನು ಇರಲಿಕ್ಕಿಲ್ಲ?" ಎಂದಳು ಶೆಲ್ಬಿ.

"ಇಪ್ಪತ್ತರವು."

ಅಲ್ಲಿದ್ದವರಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಶೆಲ್ಬಿ ಮೆಟ್ಟಿಲಿಳಿದು ಬಂದು, ಬಗ್ಗಿ, ಕಾಲಿನ ಬಳಿಯಿದ್ದ ಒಂದೊಂದೇ ತೋಟಾ ಎತ್ತಿ ತಳ ಓದಿದಳು. ಒಂದು ಎಸೆದಳು, ಎರಡು ಎಸೆದಳು. ಏಳನೆಯದನ್ನು ಎಸೆಯಲಿಲ್ಲ.

"ಅಪ್ಪ, ಇದು ನಿನಗೆ ಯಾವತ್ತಿಂದ ಗೊತ್ತು?"

"ಆಸ್ಪತ್ರೇಲಿ ಪೊಲೀಸ್‌ನವನು ಕೇಳ್ದಾಗಿಂದ."

ಅವಳು ಹೊಡೆಯುತ್ತಾಳೆಂದು ಎಲ್ಲರೂ ಅಂದುಕೊಂಡರು. ರಸ್ ಕೂಡ ಅಂದುಕೊಂಡ, ಕಣ್ಣು ಮುಚ್ಚಿ ಮುಖ ಮುಂದೆ ಮಾಡಿದ. ಶೆಲ್ಬಿ ಅವನನ್ನು ದಾಟಿ ತಾಯಿಯ ಎದುರಿಗೆ ಬಂದು ನಿಂತಳು.

"ನಿನಗೆ?"

ಲೊರೀನ್‌ಗೆ ಸುಳ್ಳು ಹೇಳುವ ಅವಕಾಶವಿತ್ತು. ಈಗ ತಾನೆ ಗೊತ್ತಾಯಿತು ಎಂದಿದ್ದರೆ ಮಗಳು ನಂಬುತ್ತಿದ್ದಳು.

"ಮೂರು ವಾರ ಆಯ್ತು," ಎಂದಳು.

ಶೆಲ್ಬಿ ಬಲಗೈಯಿಂದ ಹೊಡೆದಳು. ತೋಟಾ ಹಿಡಿದ ಮುಷ್ಟಿಯಿಂದಲೇ ಹೊಡೆದಳು. ಲೊರೀನ್‌ಳ ತುಟಿ ಹಲ್ಲಿಗೆ ತಾಕಿ ಸೀಳಿತು. ಮತ್ತೆ ಹೊಡೆದಳು, ಮತ್ತೆ, ಕೆನ್ನೆಗೆ, ಕಿವಿಗೆ, ಎದೆಗೆ. "ನಿನ್ನ ಮಡಿಲಲ್ಲಿ ಮಲಗಿ ಅಳ್ತಿದ್ದೆ! ನಾನೇ ಮಾಡ್ಕೊಂಡೆ ಅಂತ ಅಳ್ತಿದ್ದೆ! ನೀನು ಬೆನ್ನು ಸವರ್ತಿದ್ದೆ!" ಲೆನ್ ತಡೆಯಲು ಬಂದ, ಲೊರೀನ್ ಕೈ ಅಡ್ಡ ಹಿಡಿದು ಅವನನ್ನು ಹಿಂದಕ್ಕೆ ಕಳಿಸಿದಳು. ಚಾಕುವನ್ನು ಮೇಜಿನ ಮೇಲಿಟ್ಟು, ಕೈ ಇಳಿಬಿಟ್ಟು, ಬಿದ್ದ ಏಟನ್ನೆಲ್ಲ ತಿಂದಳು. ಒಂದೊಂದು ಏಟೂ ಅವಳಿಗೆ ನ್ಯಾಯವೆನಿಸಿತು.

ಶೆಲ್ಬಿಗೆ ಸುಸ್ತಾಯಿತು. ಏದುಸಿರು ಬಿಡುತ್ತಾ ಜೇಡೊನನ್ನು ಹುಡುಕಿದಳು. ಮುದುಕ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದ. ಅವಳು ಹೋಗಿ ಅವನ ಮುಂದೆ ಮಂಡಿಯೂರಿದಳು.

"ನಿನ್ನ ಅಂಗೀದಲ್ಲ ಜೇಡೊ. ನಿಂದಲ್ಲ. ನಂದೂ ಅಲ್ಲ."

"ಎರಡೇ ಇದ್ದಿದ್ದು," ಎಂದ ಜೇಡೊ. "ನಾನು ಹೇಳ್ದೆ, ಎರಡೇ ಅಂತ. ನನಗೇ ನಂಬಿಕೆ ಬರ್ಲಿಲ್ಲ ಮಗಾ." ಮೊಮ್ಮಗಳ ಕಪ್ಪು ಕವಚದ ಕೈಯನ್ನು ತನ್ನ ಮುಖಕ್ಕೆ ಒತ್ತಿಕೊಂಡು ಅವನು ಎಲ್ಲರೆದುರೇ ಬಿಕ್ಕಿ ಬಿಕ್ಕಿ ಅತ್ತ.

ಅವಳು ಅವನನ್ನು ಎಬ್ಬಿಸಿ ಹೊರಗೆ ಕರೆದೊಯ್ದಳು. ಲೊರೀನ್ ಬಾಯಿಯ ರಕ್ತ ಒರೆಸಿಕೊಳ್ಳುತ್ತಾ ಹಿಂದೆಯೇ ಓಡಿದಳು. ರಸ್ ಕೂಡ ಬಂದ. ಅಷ್ಟರಲ್ಲಿ ಜೇಡೊ ತನ್ನ ಹಳೆಯ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದ. ಶೆಲ್ಬಿ ಪಕ್ಕದ ಸೀಟಿನಲ್ಲಿ ಕೂತು, ಬೆಲ್ಟನ್ನು ಬಲಗೈಯೊಂದರಿಂದಲೇ ಎಳೆದು, ಎರಡು ಸಲ ತಪ್ಪಿ ಮೂರನೆಯ ಸಲಕ್ಕೆ ಸಿಕ್ಕಿಸಿದಳು. ಆಮೇಲೆ ಕಿಟಕಿ ಇಳಿಸಿದಳು.

"ಶೆಲ್ಬಿ," ಎಂದಳು ಲೊರೀನ್. "ಮನೆಗೆ ಹೋಗಿ ಮಾತಾಡೋಣ ಕಣೇ. ಬಂದೆ, ಹಿಂದೇನೇ ಬಂದೆ."

"ಮನೆ ಜೇಡೊದು," ಎಂದಳು ಶೆಲ್ಬಿ. "ನೀವಿಬ್ರೂ ಬರ್ಬೇಡಿ."